ಕಡ್ಡಿಪೆಟ್ಟಿಗೆ ಇಲ್ಲದ ಮಡ್ಡಿ

ಕಾರಿಮಡ್ಡಿ, ಲಕ್ಕಲಕಟ್ಟಿ
ಏಪ್ರಿಲ್ 9

ಭಾಗ್ಯಾ,

ಶಿವರಾತ್ರಿ ಮುಗಿಸಿಕೊಂಡು ಕೊಣ್ಣೂರಿಗೆ ಇಳಿದವಳು ನೀನು. ಹದಿನೈದು ದಿನ ಎಂದಿದ್ದೆ. ಯುಗಾದಿಯೂ ಆಯಿತು.

ನಿನ್ನ ಅತ್ತಿಗೆಯ ಆಪರೇಷನ್ ಚಲೋ ಆಯಿತೆಂದು ಮದರಸಾಬರ ಚಹಾದಂಗಡಿಗೆ ನೀನು ಫೋನ್ ಮಾಡಿದ್ದೆಯಲ್ಲ, ಅದನ್ನು ಹೇಳಲಿಕ್ಕೆಂದೇ ಆ ಮನುಷ್ಯ ಗುಡ್ಡ ಹತ್ತಿ ಬಂದಿದ್ದರು. "ಅಕ್ಕಾರ, ಒಂದ ಸಣ್ಣ ಫೋನರ ಇಟಗೋರಿ, ನನ್ನ ಮಣಕಾಲ ಉಳೀತಾವ" ಎಂದು ಕೈಮುಗಿದರು. ಫೋನಿಲ್ಲದೆ ಬದುಕುವುದೇ ನಮ್ಮ ಮೊದಲ ನಿಯಮ ಎಂದರೆ ಅವರಿಗೆ ತಿಳಿಯುವುದಿಲ್ಲ. ಇನ್ನು ಮೇಲೆ ಪತ್ರ ಬರೆ. ಟಪಾಲಿನವನು ಅವರ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ, ಸಂತೆಗೆ ಇಳಿದವರು ತರುತ್ತಾರೆ.

ಇಲ್ಲಿ ನನಗೆ ಸಾಕಾಗಿದೆ. ಗಜೇಂದ್ರಗಡದ ಸಾಲೆಯಲ್ಲಿ ಅಷ್ಟು ವರ್ಷ ಪಾಠ ಹೇಳಿದ ಮೇಲೆ, ಒಂದು ಮಧ್ಯಾಹ್ನ ನಾವಿಬ್ಬರೂ ಡಬ್ಬಿ ಬಿಚ್ಚಿ ಕೂತಾಗ ನೀನೇ ಅಂದದ್ದು: "ಮಾಲಾ, ನಮ್ಮ ಹುಡುಗರಿಗೆ ಒಲಿ ಹಚ್ಚಾಕ ಬರಂಗಿಲ್ಲ. ನಮಗರ ಎಲ್ಲಿ ಬರತೈತಿ?" ಎಲ್ಲವನ್ನೂ ನಮ್ಮ ಕೈಯಿಂದಲೇ ಮಾಡಿಕೊಂಡು ಬದುಕುವ ಈ ಹಂಬಲ ಆ ಮಾತಿನಿಂದಲ್ಲವೇ ಹುಟ್ಟಿದ್ದು? ಲಕ್ಕಲಕಟ್ಟಿಯ ಗುರುಸಂಗಪ್ಪನವರು ಬೀಳುಬಿಟ್ಟ ಈ ಮಡ್ಡಿಯನ್ನು, "ಅಲ್ಲಿ ಕಲ್ಲ ಬೆಳೀತಾವ, ಬೇಕಾದ್ರ ಬೆಳಕೋರಿ" ಎಂದು ನಗುತ್ತ ನಮ್ಮ ಕೈಗೆ ಕೊಟ್ಟಾಗ ನಿನ್ನ ಕಣ್ಣಲ್ಲಿ ನೀರಿತ್ತು. ಈಗ ನೋಡು, ನೀನಿಲ್ಲ.

ಸಿದ್ದರಾಮೇಶ ರೋಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಮುಚ್ಚಿ ಬಂದವನು, ಹುರುಪು ಬಹಳ, ಆದರೆ ಕೆಂಡ ಕಾಯಲಿಕ್ಕೆ ಕೂಡಿಸಿದರೆ ನಿದ್ದೆ ಮಾಡುತ್ತಾನೆ. ಕಡ್ಡಿಪೆಟ್ಟಿಗೆ ಮುಟ್ಟಕೂಡದೆಂಬ ನಿಯಮ ಇರುವುದರಿಂದ, ಬೆಂಕಿ ಆರಿದರೆ ಮತ್ತೆ ಎಕ್ಕೆಯ ಒಣ ತುಂಡಿನ ಮೇಲೆ ಕಡ್ಡಿ ನಿಲ್ಲಿಸಿ, ಬಿಲ್ಲಿನ ಹಗ್ಗದಿಂದ ಗರಗರ ತಿರುವಿ ಕಿಡಿ ತೆಗೆಯಬೇಕು. ಅದು ನರಗುಂದದ ಹುಡುಗಿ ದೇವಿಕಾಳೊಬ್ಬಳಿಗೇ ಸರಿಯಾಗಿ ಬರುತ್ತದೆ. ಕಾಲೇಜಿನ ಕೆಲಸ ಬಿಟ್ಟು ಬಂದ ಆ ಹುಡುಗಿಯಂಥವರು ಇನ್ನು ನಾಲ್ಕು ಮಂದಿ ಸಿಕ್ಕಿದ್ದರೆ ನನ್ನ ಚಿಂತೆ ತೀರುತ್ತಿತ್ತು. ಯಮನೂರ, ಕಳಕವ್ವ ಗಂಡಹೆಂಡತಿ ಕೆಲಸದಲ್ಲಿ ಗಟ್ಟಿ. ಆದರೆ ನಿಯಮದ ಮಾತು ತೆಗೆದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಮೇಲೆ ಭಾನುವಾರದ ಕಾಟ. ಬೈಕಿನ ಮೇಲೆ ಹುಡುಗರು ಬಂದು ವಿಡಿಯೋ ತೆಗೆಯುತ್ತಾರೆ. ಒಬ್ಬನಂತೂ ಯಮನೂರನಿಗೆ, "ಕಾಕಾ, ಅಂಗಿ ಕಳದು ಎಲಿ ಸುತಗೊಂಡ ನಿಲ್ರಿ, ಚಲೋ ಬರತೈತಿ" ಎಂದ. ಯಮನೂರ ಇಡೀ ದಿನ ಊಟ ಮಾಡಲಿಲ್ಲ. "ಗೋವಾದಾಗ ಇಪ್ಪತ್ತ ಅಂತಸ್ತಿನ ಬಿಲ್ಡಿಂಗ ಕಟ್ಟೇನ್ರಿ ಅಕ್ಕಾರ. ನನಗ ಎಲಿ ಸುತಗೋ ಅಂತಾನ!"

ನೀನಿದ್ದರೆ ಆ ಹುಡುಗನಿಗೆ ಏನಾದರೂ ಅನ್ನುತ್ತಿದ್ದೆ. ನಾನು ಸುಮ್ಮನೆ ಹೊಸ ನಿಯಮ ಮಾಡಿದೆ. ಭಾನುವಾರ ಯಾರೂ ಬರಕೂಡದು.

ಯಾವಾಗ ಬರುತ್ತಿ? ದಿನ ತಿಳಿಸು.

ಮಾಲಾ


ಕೊಣ್ಣೂರು
ಏಪ್ರಿಲ್ 27

ಪ್ರೀತಿಯ ಮಾಲಾ,

ನಿನ್ನ ಪತ್ರ ಸಿಕ್ಕಿತು. ಅತ್ತಿಗೆಗೆ ಇನ್ನೂ ಭಾರ ಎತ್ತಬೇಡ ಎಂದಿದ್ದಾರೆ. ರೊಟ್ಟಿ ಬಡಿಯುವುದು, ದನದ ಕೆಲಸ ನನ್ನ ಮೇಲಿದೆ. ಬಿಸಿಲಿಗೆ ಹೊಳೆ ಸೊರಗಿ, ಸೇತುವೆಯ ಕಾಲುಗಳೆಲ್ಲ ಬತ್ತಲೆ ನಿಂತಿವೆ.

ನಿನ್ನ ಪತ್ರ ಎರಡು ಸಲ ಓದಿದೆ. ಅದರಲ್ಲಿ ಬೆಂಕಿ ಇದೆ, ನಿಯಮ ಇದೆ. ಸಂಜೆ ಕೆಲಸ ಮುಗಿದ ಮೇಲೆ ನೀವೆಲ್ಲ ಏನು ಮಾತಾಡುತ್ತೀರಿ ಎಂಬುದಿಲ್ಲ. ಕಳಕವ್ವ ಈಗಲೂ ಹಾಡುತ್ತಾಳೆಯೇ? ಸಿದ್ದರಾಮೇಶ ಈಗಲೂ ನಿನ್ನ ದನಿಯ ಅಣಕು ಮಾಡಿ ನಗಿಸುತ್ತಾನೆಯೇ? ನಿನಗೆ ಅದು ಗೊತ್ತಿರಲಿಲ್ಲವೇನೋ. ಚಲೋ ಮಾಡುತ್ತಾನೆ.

ಬಿಸಿಲಲ್ಲಿ ಬಹಳ ಓಡಾಡಬೇಡ.

ಭಾಗ್ಯಾ


ಕಾರಿಮಡ್ಡಿ
ಜೂನ್ 21

ಭಾಗ್ಯಾ,

ಕೇಳಿದ್ದಕ್ಕೆ ಉತ್ತರ ಕೊಡದೆ ಬೇರೆ ಪ್ರಶ್ನೆ ಕೇಳುವುದು ನಿನ್ನ ಹಳೆಯ ಗುಣ. ಹಾಡು ಇಲ್ಲ, ಅಣಕು ಇಲ್ಲ. ಇಲ್ಲಿರುವುದು ಮಳೆ.

ಮಿರಗದ ಮಳೆ ಈ ಸಲ ಹುಚ್ಚೆದ್ದು ಬಂತು. ನಾವು ಹೊದಿಸಿದ ಹುಲ್ಲಿನ ಮಾಡು ಒಂದೇ ರಾತ್ರಿಗೆ ಜರಡಿಯಾಯಿತು. ಕೆಂಡದ ಗುಣಿಯಲ್ಲಿ ನೀರು ನಿಂತಿತು. ದೇವಿಕಾ ಅಂಗೈ ಬೊಬ್ಬೆ ಬರುವತನಕ ಕಡ್ಡಿ ತಿರುವಿದಳು. ಹೊಗೆ ಬಂತು, ಕಿಡಿ ಬರಲಿಲ್ಲ. ಮರುದಿನವೂ ಇಲ್ಲ. ನೆನೆಸಿದ ಶೇಂಗಾ ತಿಂದು ಕೂತೆವು. ಎಲ್ಲರಿಗೂ ಹಸಿವು, ಚಳಿ. ಆದರೂ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಯಾರೂ ಸೋಲಲಿಲ್ಲವಲ್ಲ ಎಂದು.

ಮಾಡಿನ ಹುಲ್ಲು ಸರಿಪಡಿಸಲು ಹತ್ತಿದಾಗ ಜಂತಿಯ ಸಂದಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ ನನ್ನ ಕೈಗೆ ಬಿತ್ತು.

ಎಲ್ಲರನ್ನೂ ಸಾಲಾಗಿ ಕೂಡಿಸಿ ಕೇಳಿದೆ. ತಂದವರು ಒಪ್ಪಿಕೊಳ್ಳುವತನಕ ನಾನು ಉಣ್ಣುವುದಿಲ್ಲ ಎಂದೆ. ಆಗ ಕಳಕವ್ವ ಎದ್ದು ನಿಂತಳು.

"ಅಕ್ಕಾರ, ನಾವು ಗೋವಾದಾಗ ತಗಡಿನ ಶೆಡ್ಡಿನ್ಯಾಗ ಇದ್ದವರು. ಮಳಿಗಾಲದಾಗ ಒಲಿ ಹತ್ತಲಿಲ್ಲ ಅಂದ್ರ ಬಾಜೂದವರ ಒಲೀಯಿಂದ ಕೆಂಡ ತರತಿದ್ವಿ. ಯಾರೂ ಇದು ಕದ್ದ ಬೆಂಕಿ ಅನ್ನತಿದ್ದಿಲ್ಲ. ನೀವು ಉಪಾಸ ಮಾಡ್ತೀರಿ ಅಂದ್ರ ಮಾಡ್ರಿ. ನನಗ ಹಸಿವಾಗೇತಿ." ಎಂದವಳೇ ನನ್ನ ಕೈಯಿಂದ ಪೆಟ್ಟಿಗೆ ಕಸಿದುಕೊಂಡು ಒಲೆ ಹಚ್ಚಿಬಿಟ್ಟಳು. ಎಲ್ಲರೂ ಬಿಸಿ ಅಂಬಲಿ ಕುಡಿದರು. ಸಿದ್ದರಾಮೇಶ ನನಗೊಂದು ಬಟ್ಟಲು ತಂದ. ನಾನು ಮುಟ್ಟಲಿಲ್ಲ.

ನೀನೇ ಹೇಳು. ಬೆಂಕಿಯನ್ನೂ ಅಂಗಡಿಯಿಂದಲೇ ತರುವುದಾದರೆ ಈ ಕಲ್ಲುಗುಡ್ಡಕ್ಕೆ ಬರುವ ಅಗತ್ಯ ಏನಿತ್ತು? ಅದು ಯಾರದೆಂದು ನಿನಗೇನಾದರೂ ಗೊತ್ತಿದೆಯೇ? ನಿಜ ಹೇಳು.

ಮಾಲಾ


ಕೊಣ್ಣೂರು
ಜುಲೈ 2

ಮಾಲಾ,

ನಿಜ ಹೇಳು ಎಂದು ಕೇಳಿದ್ದಿ, ಹೇಳುತ್ತೇನೆ. ಆ ಪೆಟ್ಟಿಗೆ ಯಾರೊಬ್ಬರದೂ ಅಲ್ಲ. ಮಾಡು ಹೊದಿಸಿದ ದಿನದಿಂದ ಅಲ್ಲೇ ಇದೆ. ಖಾಲಿಯಾದರೆ ಸಂತೆಗೆ ಹೋದವರು ಹೊಸದು ತಂದಿಡುತ್ತಿದ್ದರು. ನಾನೂ ತಂದಿದ್ದೇನೆ. ನಿನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಎರಡು ದಿನ ಚಳಿಯಲ್ಲಿ ನಡುಗುತ್ತ ಕೂತರೂ ಅವರು ಅದನ್ನು ತೆಗೆಯಲಿಲ್ಲ ಎಂದು ಓದಿದಾಗ ನನಗೆ ಬಹಳ ಕೆಟ್ಟದೆನಿಸಿತು. ನಿನ್ನ ನಿಯಮಕ್ಕಾಗಿ ಅಲ್ಲ ಮಾಲಾ. ನೀನು ಎದುರಿಗೆ ಇದ್ದೆ, ಅದಕ್ಕೆ.

ಸಿಟ್ಟು ಮಾಡಿಕೊಳ್ಳಬೇಡ.

ಭಾಗ್ಯಾ


ಕಾರಿಮಡ್ಡಿ
ಜುಲೈ 13

ಭಾಗ್ಯಾ,

ಅಂದರೆ ಇಷ್ಟು ದಿನ ನೀವೆಲ್ಲ ಸೇರಿ ನನ್ನೊಬ್ಬಳ ಮುಂದೆ ಬಯಲಾಟ ಆಡಿದಿರಿ. ನಾನು ಮಗುವಿನಂತೆ ನಂಬಿದೆ.

ಪರರ ಮೋಸ ತಡೆದುಕೊಳ್ಳಬಹುದು. ಒಂದೇ ಹೊದಿಕೆಯಲ್ಲಿ ಮಲಗಿ ಇದರ ಕನಸು ಕಂಡವಳು ನೀನು. ನಿನ್ನ ಅತ್ತಿಗೆ ಈಗ ಚೆನ್ನಾಗಿ ನಡೆದಾಡುತ್ತಾಳೆ, ಹೊಲಕ್ಕೂ ಹೋಗುತ್ತಾಳೆ ಎಂದು ಮದರಸಾಬರಿಗೆ ಯಾರೋ ಹೇಳಿದರಂತೆ. ನೀನು ಯಾಕೆ ಬರುತ್ತಿಲ್ಲ ಎಂದು ನಾನು ಕೇಳುವುದಿಲ್ಲ. ನೀನೂ ಇನ್ನು ಬರೆಯಬೇಡ.

ಮಾಲಾ


ಸರಕಾರಿ ಸಾಲೆ, ಕೊಣ್ಣೂರು
ಆಗಸ್ಟ್ 8

ಮಾಲಾ,

ಬರೆಯಬೇಡ ಎಂದಿದ್ದಿ. ಆದರೂ ಹೊಳೆ ಬಂದ ಸುದ್ದಿ ಕೇಳಿ ಗಾಬರಿಯಾಗಿರುತ್ತಿ ಎಂದು ಬರೆಯುತ್ತಿದ್ದೇನೆ. ನಾವೆಲ್ಲ ಜೀವದಿಂದ ಇದ್ದೇವೆ. ಮಲಪ್ರಭೆ ಸೇತುವೆ ಮುಳುಗಿಸಿ ನಮ್ಮ ಓಣಿಗೂ ಬಂದಳು. ಅಣ್ಣನ ಮನೆಯ ಹಿಂದಿನ ಗೋಡೆ ಕುಸಿಯಿತು. ದನ ಬಿಚ್ಚಿ ಓಡಿಸಿ, ಕೈಗೆ ಸಿಕ್ಕಿದ್ದು ಹೊತ್ತುಕೊಂಡು ಸಾಲೆಗೆ ಬಂದೆವು. ಒಂದು ಖೋಲಿಯಲ್ಲಿ ಐದಾರು ಮನೆಯವರು.

ಇಲ್ಲಿ ಎಲ್ಲದಕ್ಕೂ ಜಗಳ. ಹೊದಿಕೆಗೆ, ಊಟದ ಸಾಲಿಗೆ, ಯಾರ ಕೂಸು ಅತ್ತಿತೆಂಬುದಕ್ಕೆ. ಸಣ್ಣವ್ವ ಎಂಬ ಮುದುಕಿ ಬೆಳಗಾದರೆ ಎಲ್ಲರನ್ನೂ ಬೈಯುತ್ತಾಳೆ, ಬೈಯುತ್ತಲೇ ಎಲ್ಲರ ಮಕ್ಕಳಿಗೂ ಉಣಿಸುತ್ತಾಳೆ. ನಾಲ್ಕು ಕಲ್ಲಿಟ್ಟು ದೊಡ್ಡ ಒಲೆ ಹೂಡಿದ್ದೇವೆ. ಒದ್ದೆ ಕಟ್ಟಿಗೆಯಲ್ಲಿ ಬೆಂಕಿ ಹಿಡಿಸಲಿಕ್ಕೆ ಬರುವುದು ಇಲ್ಲಿ ನನ್ನೊಬ್ಬಳಿಗೇ. ಮಡ್ಡಿಯಲ್ಲಿ ಕಲಿತದ್ದು. ಮೊನ್ನೆ ಅದನ್ನು ಮಾಡುವಾಗ ನಿನ್ನ ನೆನಪಾಗಿ ಅಳು ಬಂತು. ಹೊಗೆ ಎಂದು ಎಲ್ಲರೂ ತಿಳಿದರು.

ಉತ್ತರ ಬರೆಯದಿದ್ದರೂ ನಡೆದೀತು.

ಭಾಗ್ಯಾ


ಗಜೇಂದ್ರಗಡ, ತಂಗಿಯ ಮನೆ
ಸೆಪ್ಟೆಂಬರ್ 15

ಭಾಗ್ಯಾ,

ಹೊಳೆಯ ಸುದ್ದಿ ಕೇಳಿಯೂ ನಾನು ಒಂದು ಸಾಲು ಬರೆಯಲಿಲ್ಲ. ಈಗ ನನ್ನ ಗೋಳು ಹೇಳಿಕೊಳ್ಳಲಿಕ್ಕೆ ಬರೆಯುತ್ತಿದ್ದೇನೆ. ಬೇಕಾದರೆ ಹರಿದು ಹಾಕು.

ನಾನು ಮಡ್ಡಿಯ ಮೇಲೆ ಇಲ್ಲ. ಅವರು ನನ್ನನ್ನು ಇಳಿಸಿದರು.

ಕಂಬ ಕೆತ್ತುವಾಗ ಸಿದ್ದರಾಮೇಶನ ಬಾಚಿ ಜಾರಿ ಕಾಲಿಗೆ ಬಿತ್ತು. ಬೆರಳುಗಳ ಮೇಲೇ ಗಾಯ. ಬೇವಿನ ನೀರಿನಿಂದ ತೊಳೆದು ಅರಿಶಿನ ಕಟ್ಟಿದೆ. ಅವನು ನಕ್ಕುಕೊಂಡೇ ಇದ್ದ. "ಅಕ್ಕಾರ ಕೈ ಹಚ್ಚಿದ ಮ್ಯಾಲ ಮುಗೀತ ಬಿಡ್ರಿ" ಎಂದ. ಮರುದಿನ ಕಾಲು ಬಾತಿತು. ಯಮನೂರ, "ದವಾಖಾನಿಗೆ ಒಯ್ಯೋಣ್ರಿ" ಎಂದ. ನಾನು ಸೊಪ್ಪು ಬದಲಿಸಿ ಇನ್ನೊಂದು ದಿನ ನೋಡೋಣ ಎಂದೆ. ಸೊಪ್ಪು ಹಿಡಿಯುತ್ತದೆ ಎಂದು ನಾನು ಖರೇನೇ ನಂಬಿದ್ದೆ. ಮತ್ತೊಂದು ಬೆಳಗಿಗೆ ಮೈ ಕೆಂಡದಂತೆ ಸುಡುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು, ನನ್ನನ್ನು ಅವ್ವಾ ಎಂದು ಕರೆಯುತ್ತಿದ್ದ.

ಆಗ ದೇವಿಕಾ, ನನ್ನ ದೇವಿಕಾ, ತನ್ನ ಬುಟ್ಟಿಯ ತಳದಿಂದ ಫೋನ್ ತೆಗೆದಳು. ಹುಲ್ಲು ತರುತ್ತೇನೆಂದು ಗಾಳಿಯಂತ್ರಗಳ ದಿಣ್ಣೆಗೆ ಹೋಗುತ್ತಿದ್ದಳಲ್ಲ, ಅಲ್ಲಿಂದ ತನ್ನ ಅವ್ವನ ಜೊತೆ ಮಾತಾಡುತ್ತಿದ್ದಳಂತೆ. ನನ್ನೆದುರೇ ಆಂಬುಲೆನ್ಸಿಗೆ ಫೋನ್ ಹಚ್ಚಿದಳು.

ಭಾಗ್ಯಾ, ಅವನು ನೆಲದ ಮೇಲೆ ನಡುಗುತ್ತ ಬಿದ್ದಿದ್ದ. ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಈ ಫೋನ್ ಯಾವಾಗಿಂದ ಇಟಗೊಂಡಿ?"

ಅವಳು ನನ್ನನ್ನು ನೋಡಿದ ರೀತಿ ಮಾತ್ರ ಕಣ್ಣಿಂದ ಹೋಗುತ್ತಿಲ್ಲ. ಯಮನೂರ ಅವನನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿದ. ಗದಗಿನ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಇನ್ನೂ ತಡವಾಗಿದ್ದರೆ ಪಾದವೇ ಹೋಗುತ್ತಿತ್ತೆಂದು ಡಾಕ್ಟರು ಅಂದರಂತೆ.

ಅವರೆಲ್ಲ ಮರಳಿ ಬಂದ ಮೇಲೆ ಬೇವಿನ ಗಿಡದ ಕೆಳಗೆ ಕೂತರು. ನನ್ನನ್ನೂ ಕರೆದರು. ಕಳಕವ್ವ ನೆಲ ನೋಡುತ್ತ ಹೇಳಿದಳು: "ಅಕ್ಕಾರ, ನಾವು ಸಾಲಿ ಬಿಟ್ಟ ಭಾಳ ವರ್ಸ ಆತ್ರಿ. ಮತ್ತ ಸಾಲಿಗೆ ಬಂದೇವಂತ ನಮಗ ತಿಳಿದಿದ್ದಿಲ್ಲ."

"ನಾನು ಯಾರಿಗೂ ಹೊಡೆದಿಲ್ಲ, ಬೈದಿಲ್ಲ" ಎಂದೆ.

"ಬೈದಿದ್ರ ಚಲೋ ಇತ್ತು" ಎಂದಳು ದೇವಿಕಾ. "ಬೈದ್ರ ನಾವೂ ತಿರಗಿ ಬೈತಿದ್ವಿ. ನೀವು ಸುಮ್ಮನ ನೋಡ್ತೀರಿ. ನೀವು ನೋಡಿದ್ರ ಸಾಕು, ತಪ್ಪ ಮಾಡೇವಿ ಅನಸತೈತಿ. ನೀವು ಹೋಗ್ರಿ ಅನ್ನಾಕ ನಮಗ ಬಾಯಿ ಬರಂಗಿಲ್ರಿ. ಆದ್ರ ನೀವಿದ್ರ ನಾವು ಇರಾಕ ಆಗಂಗಿಲ್ಲ."

ಪ್ರತಿ ಕಂಬದ ಗುಣಿ ತೋಡಿದವಳು ನಾನು. ಆ ಕಲ್ಲಿಗೆ ಹಾರೆ ಹಾಕಿ ಹಾಕಿ ನನ್ನ ಹೆಗಲು ಈಗಲೂ ನೋಯುತ್ತದೆ. ಅವರು ಬಂದದ್ದು ಆಮೇಲೆ. ಈಗ ನಾನು ತಂಗಿಯ ಮನೆಯ ಅಟ್ಟದ ಮೇಲೆ, ಫ್ಯಾನಿನ ಕೆಳಗೆ ಕೂತಿದ್ದೇನೆ. ತಂಗಿಯ ಗಂಡ, "ಅಡವಿ ಸಾಕಾತೇನ್ರಿ?" ಎಂದು ನಗುತ್ತಾನೆ.

ಅವರದು ಅನ್ಯಾಯ ಎಂದು ಬರೆ. ನೀನಾದರೂ ಬರೆ.

ಮಾಲಾ


ಕಾರಿಮಡ್ಡಿ
ಸೆಪ್ಟೆಂಬರ್ 28

ಪ್ರೀತಿಯ ಮಾಲಾ,

ವಿಳಾಸ ನೋಡಿ ಬೆಚ್ಚಬೇಡ. ನಿನ್ನ ಪತ್ರ ಓದಿದ ಮರುದಿನವೇ ನರಗುಂದ, ರೋಣ ಹಾಯ್ದು ಇಲ್ಲಿಗೆ ಬಂದೆ. ಕಣ್ಣಾರೆ ನೋಡದೆ ನಿನಗೆ ಏನೂ ಬರೆಯಬಾರದು ಅನಿಸಿತು.

ನೀನು ಬಂದು ನೋಡಿದರೆ ನಿನ್ನ ಸಿಟ್ಟು ನೆತ್ತಿಗೇರುತ್ತದೆ. ಮಾಡಿನ ಮೇಲೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದಾರೆ. ಕಡ್ಡಿಪೆಟ್ಟಿಗೆ ಗೂಡಿನಲ್ಲಿ ರಾಜಾರೋಷವಾಗಿ ಕೂತಿದೆ. ಚಹಾ ಎರಡು ಹೊತ್ತು. ಕಳಕವ್ವ, ದೇವಿಕಾ ನಿನ್ನೆ ಗಂಜಿಗೆ ಉಪ್ಪು ಹೆಚ್ಚಾದದ್ದಕ್ಕೆ ಜಗಳಾಡಿ ಮಾತು ಬಿಟ್ಟಿದ್ದರು, ಇವತ್ತು ಒಂದೇ ಕತ್ತಾಳೆ ನಾರಿನ ಎರಡು ತುದಿ ಹಿಡಿದು ಹಗ್ಗ ಹೊಸೆಯುತ್ತಿದ್ದಾರೆ. ಇಷ್ಟಾಗಿಯೂ ಯಾರೂ ಬಿಟ್ಟು ಹೋಗಿಲ್ಲ. ನನಗೆ ಅದೇ ದೊಡ್ಡದೆನಿಸಿತು. ಬೆಳಿಗ್ಗೆ ದೇವಿಕಾ ಕಡ್ಡಿಪೆಟ್ಟಿಗೆಯ ಪಕ್ಕದಲ್ಲೇ ಕೂತು ಬಿಲ್ಲಿನಿಂದ ಕಿಡಿ ತೆಗೆದಳು. ಯಾಕವ್ವಾ ಎಂದರೆ, "ನನಗ ಹಿಂಗ ಹಚ್ಚೂದು ಸೇರತೈತಿ" ಎಂದಳು.

ಅನ್ಯಾಯ ಎಂದು ಬರೆ ಎಂದಿದ್ದಿ. ಬರೆಯಲಾರೆ. ನಾನು ಅತ್ತಿಗೆಗಾಗಿ ಇಳಿಯಲಿಲ್ಲ ಮಾಲಾ. ಅದು ಒಂದು ನೆಪವಾಗಿ ಸಿಕ್ಕಿತು. ಒಂದು ಬೆಳಿಗ್ಗೆ ನನ್ನ ಪಾಲಿನ ರೊಟ್ಟಿ ಸೀದಿತು. ನೀನು ಏನೂ ಅನ್ನದೆ, ಸೀದದ್ದನ್ನು ನಿನ್ನ ತಾಟಿಗೆ ಹಾಕಿಕೊಂಡು ತಿಂದೆ. ನಾನು ಆ ರೊಟ್ಟಿಗಿಂತ ಸಣ್ಣವಳಾದೆ. ಹಾಗೆ ದಿನಾ ಸಣ್ಣವಳಾಗುತ್ತ ಬಂದೆ. ನಿನಗೆ ಅದನ್ನು ಹೇಳುವ ಧೈರ್ಯ ನನಗೂ ಆಗಲಿಲ್ಲ, ಅವರಿಗೂ ಆಗಲಿಲ್ಲ. ಅವರು ಕೊನೆಗೆ ಹೇಳಿದರು. ನಾನು ಓಡಿಹೋದೆ.

ಇನ್ನೊಂದು ಮಾತು. ನಿನ್ನೆ ರೋಣಕ್ಕೆ ಹೋಗಿ ಸಿದ್ದರಾಮೇಶನನ್ನು ನೋಡಿದೆ. ಅವನ ಅವ್ವನ ಮನೆಯಲ್ಲಿದ್ದಾನೆ. ಬೆರಳಿನ ಮಾತೇ ಆಡಲಿಲ್ಲ. ಒಂದೇ ಕೇಳಿದ: "ಎಲ್ಲಾರೂ ಬಂದ ಹೋದ್ರು. ಅಕ್ಕಾರ ಯಾಕ ಬರಲಿಲ್ರಿ?"

ನಾನು ಇಲ್ಲಿ ಉಳಿಯುವುದಿಲ್ಲ. ಕೊಣ್ಣೂರಲ್ಲಿ ಕುಸಿದ ಮನೆಗಳಿವೆ, ಸಾಲೆಯಲ್ಲಿ ಹೂಡಿದ ಒಲೆ ಇನ್ನೂ ಉರಿಯುತ್ತಿದೆ. ಇದು ಜಗಳದ ಮಾತಲ್ಲ.

ನೀನು ಮಡ್ಡಿಗೆ ಮರಳಬಹುದೇ ಎಂದು ಅವರನ್ನು ಕೇಳಿದೆ. ಯಮನೂರ ಅಂದ: "ಮಾಲಾ ಬರಲಿ. ಅಕ್ಕಾರ ಬ್ಯಾಡ."

ಭಾಗ್ಯಾ


ಕಾರಿಮಡ್ಡಿ
ನವೆಂಬರ್ 3

ಭಾಗ್ಯಾ,

ನಿನ್ನ ಪತ್ರಕ್ಕೆ ಉತ್ತರವಾಗಿ ಸಿಟ್ಟಿನಲ್ಲಿ ಮೂರು ಪತ್ರ ಬರೆದು ಹರಿದೆ. ರೊಟ್ಟಿಯ ವಿಷಯ ನನಗೆ ನೆನಪೇ ಇರಲಿಲ್ಲ. ನೀನು ಬೇಸರಪಡಬಾರದೆಂದು ತಿಂದಿರಬೇಕು. ಅದು ನಿನಗೆ ಹಾಗೆ ತಾಗಿತು ಎಂದರೆ ಇನ್ನು ಹೇಗೆ ಬದುಕಬೇಕೆಂದೇ ತಿಳಿಯಲಿಲ್ಲ.

ರೋಣಕ್ಕೆ ಹೋದೆ. ಅವನ ಓಣಿಯ ತುದಿಯಿಂದ ಎರಡು ಸಲ ತಿರುಗಿ ಬಸ್ಟ್ಯಾಂಡಿಗೆ ಬಂದೆ. ಮೂರನೆಯ ಸಲ ಅವನ ಅವ್ವನೇ ನೋಡಿ ಕರೆದಳು. ಸಿದ್ದರಾಮೇಶ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಯಾರದೋ ಫೋನ್ ಬಿಚ್ಚಿಕೊಂಡಿದ್ದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಕಾಲ ತೋರಸು" ಎಂದೆ. ತೋರಿಸಿದ. ಎರಡು ಬೆರಳಿನ ಜಾಗ ಮಗುವಿನ ಒಸಡಿನಂತೆ ನುಣ್ಣಗಿತ್ತು. "ನನ್ನಿಂದ ಆತು" ಎಂದೆ.

"ಬಾಚಿ ನಿಮ್ಮ ಕೈಯಾಗ ಇದ್ದಿಲ್ಲಲ್ರಿ" ಎಂದ. ಆಮೇಲೆ ಬಿಚ್ಚಿದ ಫೋನನ್ನು ಪಕ್ಕಕ್ಕಿಟ್ಟು, "ಆದ್ರ ದವಾಖಾನಿಗೆ ಒಯ್ಯಬೇಕಿತ್ತರಿ ಅಕ್ಕಾರ. ನನಗ ಭಾಳ ಅಂಜಿಕಿ ಆಗಿತ್ತು. ನಿಮ್ಮ ಮುಂದ ಹೇಳಾಕ ಇನ್ನೂ ಅಂಜಿಕಿ ಆತು." ಎಂದ. ನಗುತ್ತಿರಲಿಲ್ಲ. ಅವನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳತೊಡಗಿದೆ. ಅವನ ಅವ್ವ ಗಾಬರಿಯಾಗಿ ನೀರು ತಂದಳು.

ಅವನು ದೀಪಾವಳಿ ಮುಗಿಸಿ ಬರುತ್ತಾನೆ. ನಾನು ಹೋದ ವಾರ ಬಂದೆ.

ಸುಖವಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಆ ನೀಲಿ ತಾಡಪತ್ರಿ ನೋಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬಾಚಿ, ಕುಡಗೋಲು ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಬೈದೆ. ಜೋರಾಗಿಯೇ ಬೈದೆ. ಕಳಕವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನನಗಿಂತ ಜೋರಾಗಿ ತಿರುಗಿ ಬೈದಳು. ದೇವಿಕಾ ಮಾತ್ರ ನನ್ನ ಜೊತೆ ಇನ್ನೂ ಅಗತ್ಯವಿದ್ದಷ್ಟೇ ಮಾತಾಡುತ್ತಾಳೆ. ಅದನ್ನು ಸರಿಪಡಿಸಲಿಕ್ಕೆ ನನ್ನಲ್ಲಿ ಯಾವ ಉಪಾಯವೂ ಇಲ್ಲ. ಸುಮ್ಮನೆ ಅವಳ ಪಕ್ಕ ಕೂತು ಹಗ್ಗ ಹೊಸೆಯುತ್ತೇನೆ.

ಇವತ್ತು ಹುಬ್ಬಳ್ಳಿಯಿಂದ ಗಂಡಹೆಂಡತಿ ಬಂದಿದ್ದರು. ಈ ಜಾಗದ ಸುದ್ದಿ ಎಲ್ಲೋ ಕೇಳಿದ್ದರಂತೆ, ತಾವೂ ಇದ್ದು ನೋಡುವ ಮನಸ್ಸಂತೆ. ಗಂಡ ಸುತ್ತೆಲ್ಲ ನೋಡಿ, "ಇದನ್ನ ಕಟ್ಟಿದವರು ಯಾರ್ರಿ?" ಎಂದು ಕೇಳಿದ.

ಯಮನೂರ ಕಟ್ಟಿಗೆ ಒಡೆಯುವುದು ನಿಲ್ಲಿಸಿದ. ಕಳಕವ್ವ ನನ್ನ ಕಡೆ ನೋಡಿದಳು, ದೇವಿಕಾ ನೋಡಲಿಲ್ಲ. ಗಂಟಲಿನತನಕ ಬಂದಿತ್ತು ಭಾಗ್ಯಾ, ಪ್ರತಿ ಗುಣಿ, ಪ್ರತಿ ಕಂಬ. ಹೇಳಿದರೆ ಸುಳ್ಳೂ ಆಗುತ್ತಿರಲಿಲ್ಲ.

"ಇವರನ್ನ ಕೇಳ್ರಿ" ಎಂದೆ. "ನಾ ಹೋದ ವಾರ ಬಂದೇನಿ."

ನಿನ್ನ,
ಮಾಲಾ